ಬೆಂಗಳೂರು ವಿಮಾನದ ಊರಾದದ್ದು ಹೇಗೆ?

ಕೇಳುಗರಿಗೆ ನಮಸ್ಕಾರ. ಬೆಳ್ಳಂದೂರು ಕೆರೆ ಅಂದ್ರೆ ಇವತ್ತು ಎಲ್ಲರ ಬಾಯಲ್ಲೂ ನೊರೆಯದೇ ಮಾತು, ಅಲ್ವಾ? ಎರಡನೇ ಮಹಾಯುದ್ಧದ ಕಾಲಕ್ಕೆ ಅದೇ ಕೆರೆಯ ನೀರಿನ ಮೇಲೆ ಕ್ಯಾಟಲಿನಾ ವಿಮಾನಗಳು ಬಂದಿಳಿಯುತ್ತಿದ್ದವು. ಪಕ್ಕದ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ರಿಪೇರಿಗೆ ಅಂತ. ಸಮುದ್ರವೇ ಇಲ್ಲದ ಊರಿಗೆ ಈ ಕೆಲಸ ಬಂದಿದ್ದು ಹೇಗೆ?

1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಬೇಕು ಅಂತ ಹೊರಟಿದ್ದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ದುಡ್ಡೂ ಹಾಕಿತು. ಸುಮ್ನೆ ಜಾಗ ಇದ್ರೆ ಕಾರ್ಖಾನೆ ನಡೆಯೋದಿಲ್ಲ. ಶಿವನಸಮುದ್ರದ ಕರೆಂಟ್ 1905ರಿಂದಲೇ ಬೆಂಗಳೂರಿಗೆ ಬರುತ್ತಿತ್ತು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು, ಊರಲ್ಲೇ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ, ಇತ್ತು. 1940ರ ಡಿಸೆಂಬರ್‌ನಲ್ಲಿ ಎಚ್‌ಎಎಲ್ ಕಂಪನಿ ಶುರುವಾಯಿತು. 1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ವಿಮಾನ ಹಾರಿಯೇಬಿಟ್ಟಿತು.

ಆದರೆ ನನ್ನ ಪ್ರಕಾರ ಬೆಂಗಳೂರಿನ ಕೈ ಪಳಗಿದ್ದು ರಿಪೇರಿಯಲ್ಲಿ. ಯುದ್ಧ ಜೋರಾದಾಗ ಅಮೆರಿಕದ ಸೇನೆ ತನ್ನ ವಿಮಾನಗಳನ್ನು ಇಲ್ಲಿಗೇ ತರುತ್ತಿತ್ತು. ಆ ಕೆಲಸದಲ್ಲಿ ಕಲಿತದ್ದು ಎಷ್ಟು ಅನ್ನೋದು ಗೊತ್ತಾಗಿದ್ದು ಆಮೇಲೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳು ಗುಜರಿಯಾಗಿ ಬಿದ್ದಿದ್ದವು. ಯಾರೂ ಮತ್ತೆ ಹಾರಿಸಬಾರದು ಅಂತ ಬ್ರಿಟಿಷರು ಬೇಕಂತಲೇ ಕೆಡಿಸಿ ಹೋಗಿದ್ದರು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಹೇಗೋ ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ಸರಿ ಮಾಡಿದರು, ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಇಲ್ಲಿಗೆ ಹಾರಿಸಿಕೊಂಡು ಬಂದರು. ಎಂಥ ಗುಂಡಿಗೆ ಬೇಕು ನೋಡಿ! ಇಲ್ಲಿ ಪೂರ್ತಿ ದುರಸ್ತಿಯಾದ ಆ ವಿಮಾನಗಳನ್ನು ನಮ್ಮ ವಾಯುಪಡೆ 1968ರ ತನಕ ಬಳಸಿತು.

ಓದಿನ ಕಡೆಯೂ ಕೆಲಸ ನಿಂತಿರಲಿಲ್ಲ. 1942ರಲ್ಲೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಮಾನ ವಿಭಾಗ ತೆರೆಯಿತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಅವರೇ ಮುಂದೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿದರು. 1951ರಲ್ಲಿ ಅದನ್ನು ಮೊದಲ ಸಲ ಹಾರಿಸಿದ್ದು ಯಾರು ಅಂತೀರಿ? ಅದೇ ಮುನ್ಶಿ. ಆಮೇಲೆ 1961ರಲ್ಲಿ ಮಾರುತ್, 2001ರಲ್ಲಿ ತೇಜಸ್ ಯುದ್ಧವಿಮಾನಗಳು ಮೊದಲು ಮೇಲೆದ್ದದ್ದೂ ಇದೇ ಎಚ್‌ಎಎಲ್ ರನ್‌ವೇಯಿಂದ. ಹಳೇ ಏರ್‌ಪೋರ್ಟ್ ರಸ್ತೆ ಕಡೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೆ ಮಕ್ಕಳನ್ನು ಕರ್ಕೊಂಡು ಹೋಗಿ. ಮಾರುತ್ ಅಲ್ಲೇ ನಿಂತಿದೆ, ಹತ್ತಿರದಿಂದ ನೋಡಬಹುದು. ನಮಸ್ಕಾರ.