ಮಾರ್ಗರೆಟ್‌ಗಾಗಿ ಒಂದು ಮಟ್ಟು

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಪಿಟೀಲು ವಾದಕರು 200 ವರ್ಷಗಳಿಂದ ನುಡಿಸುತ್ತಾ ಬಂದಿರುವ ಮಟ್ಟೊಂದಿದೆ. ಹೆಸರೇ ಉದ್ದ: ‘ಎರಡನೆಯ ಹೆಂಡತಿ ತೀರಿಕೊಂಡಾಗ ನೀಲ್ ಗೌ ಪಟ್ಟ ಶೋಕ’. ಹೆಸರು ಕೇಳಿದವರು ಅಳುವಿನ ಸ್ವರ ಬರುತ್ತದೆಂದು ಕಾಯುತ್ತಾರೆ. ನಾನೂ ಹಾಗೇ ಕಾದಿದ್ದೆ.

ನೀಲ್ ಗೌ ಹುಟ್ಟಿದ್ದು 1727ರಲ್ಲಿ, ಪರ್ತ್‌ಷೈರ್ ಸೀಮೆಯಲ್ಲಿ. ಬಾಳಿದ್ದು ಡನ್‌ಕೆಲ್ಡ್ ಪಕ್ಕದ ಇನ್ವರ್ ಎಂಬ ಪುಟ್ಟ ಹಳ್ಳಿಯಲ್ಲಿ, ಟೇ ನದಿಯ ದಡದಲ್ಲಿ. ಕಲಿತ ಕಸುಬು ಚೌಕುಳಿ ಉಣ್ಣೆ ಬಟ್ಟೆಯ ನೇಯ್ಗೆ. ಕೈ ಹಿಡಿದದ್ದು ಪಿಟೀಲು. ಆತ ನುಡಿಸುತ್ತಿದ್ದುದು ಕುಣಿಯುವವರಿಗಾಗಿ. ರೀಲ್, ಸ್ಟ್ರಾತ್‌ಸ್ಪೇ ಎಂಬ ಕುಣಿತಗಳಿಗೆ ಆತನ ಕಮಾನೇ ತಾಳ. ಸಾಮಾನ್ಯವಾಗಿ ಕಮಾನನ್ನು ಬುಡದಿಂದ ತುದಿಗೆ ಎಳೆಯುವಾಗ ನಾದಕ್ಕೆ ಬಲ ಹೆಚ್ಚು, ಹಿಂದಕ್ಕೆ ತಳ್ಳುವಾಗ ಕಡಿಮೆ. ನೀಲ್‌ನದು ಹಾಗಲ್ಲ, ತಳ್ಳುವಾಗಲೂ ಅಷ್ಟೇ ಬಿರುಸು. ಹದಿನೆಂಟರ ಹರೆಯದಲ್ಲಿ ಒಂದು ಸ್ಪರ್ಧೆ ಗೆದ್ದಾಗ, ತೀರ್ಪುಗಾರರಾಗಿದ್ದ ಕಣ್ಣಿಲ್ಲದ ವಾದಕರು, ನೂರು ಜನ ನುಡಿಸಿದರೂ ನೀಲ್‌ನ ಕಮಾನನ್ನು ಗುರುತು ಹಿಡಿಯುತ್ತೇನೆ ಎಂದರಂತೆ.

ಅಥಾಲ್‌ನ ಡ್ಯೂಕ್ ಆಶ್ರಯ ಕೊಟ್ಟರು. 1787ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಡನ್‌ಕೆಲ್ಡ್‌ಗೆ ಬಂದು ಆತನ ವಾದನ ಕೇಳಿದರು. ಹೆನ್ರಿ ರೇಬರ್ನ್ ಬರೆದ ಚಿತ್ರ ಈಗಲೂ ಇದೆ: ಮೊಣಕಾಲವರೆಗಿನ ಚೌಕುಳಿ ಚಡ್ಡಿ, ಚೌಕುಳಿ ಕಾಲುಚೀಲ, ಕೈಯಲ್ಲಿ ಪಿಟೀಲು. ದೊಡ್ಡವರ ಬಂಗಲೆಗಳಲ್ಲಿ ನುಡಿಸಿಯೂ ಹಳ್ಳಿಯ ಉಡುಪು ಬಿಡದ ಮನುಷ್ಯ.

ಮೊದಲ ಹೆಂಡತಿ ತೀರಿಕೊಂಡ ಮೇಲೆ, 1768ರಲ್ಲಿ ಮಾರ್ಗರೆಟ್ ಉರ್ಕ್‌ಹಾರ್ಟ್ ಅವರನ್ನು ಮದುವೆಯಾದ. ಮೂವತ್ತಕ್ಕೂ ಹೆಚ್ಚು ವರ್ಷದ ಸಂಸಾರ. 1805ರಲ್ಲಿ ಆಕೆ ಹೋದಾಗ ನೀಲ್‌ಗೆ ಎಂಬತ್ತು ಹತ್ತಿರವಾಗಿತ್ತು. ಈ ಮಟ್ಟು ಹುಟ್ಟಿದ್ದು ಆಗ.

ಶೋಕವೆಂದರೆ ನಮ್ಮ ಕಿವಿಗೆ ಮುಖಾರಿ, ಶಿವರಂಜನಿ. ಈ ಮಟ್ಟು ನಿಂತಿರುವುದು ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯ ಮೇಲೆ, ಅಂದರೆ ನಮ್ಮ ಶಂಕರಾಭರಣದ ಸ್ವರಗಳ ಮೇಲೆ. ಮೊದಲ ಸಲ ಕೇಳಿದಾಗ, ಇಷ್ಟು ತಿಳಿಯಾದದ್ದರಲ್ಲಿ ದುಃಖ ಎಲ್ಲಿದೆ ಎಂದುಕೊಂಡೆ. ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ತೋಚಿದ್ದಿಷ್ಟು: ಆತ ನೆನೆಯುತ್ತಿರುವುದು ಆಕೆ ಸತ್ತ ದಿನವನ್ನಲ್ಲ, ಆಕೆ ಜೊತೆಗಿದ್ದ ದಿನಗಳನ್ನು. ಜೀವಮಾನವೆಲ್ಲ ಬೇರೆಯವರ ಕಾಲು ಕುಣಿಸಿದ ಕಮಾನು ಇಲ್ಲಿ ಯಾರನ್ನೂ ಕುಣಿಸದೆ ನಿಧಾನವಾಗಿ ನಡೆಯುತ್ತದೆ.

ನೀಲ್ 1807ರ ಮಾರ್ಚ್ 1ರಂದು ತೀರಿಕೊಂಡ. ಎರಡು ವರ್ಷದ ನಂತರ, 1809ರಲ್ಲಿ, ಗೌ ಮನೆತನದ ಐದನೆಯ ಸಂಗ್ರಹದಲ್ಲಿ ಈ ಮಟ್ಟು ಅಚ್ಚಾಯಿತು. ಮಗ ನಥಾನಿಯಲ್ ಎಡಿನ್‌ಬರೋದಲ್ಲಿ ಹೆಸರಾಂತ ವಾದಕ, ಸಂಗೀತ ಪ್ರಕಾಶಕ. ಹಾಗಾಗಿ ತಂದೆಯ ಸ್ವಂತ ದುಃಖ ಊರೂರಿನ ಪಿಟೀಲುಗಳಿಗೆ ತಲುಪಿತು.

ಅಂದಹಾಗೆ, ನಮ್ಮ ‘ಪಿಟೀಲು’ ಎಂಬ ಮಾತು ಬಂದದ್ದೂ ಅವರ ‘ಫಿಡಲ್’ನಿಂದಲೇ.

ಈಗ ಆ ಮಟ್ಟು ಕೇಳೋಣ. ಮೊದಲ ಭಾಗ ಎರಡನೆಯ ಸಲ ಬರುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ.