ಪಿಯಾನೊದೊಳಗಿನ ಕಬ್ಬಿಣ: ಬಾಸ್ಟನ್‌ನಿಂದ ನ್ಯೂಯಾರ್ಕ್‌ವರೆಗೆ

[ದೃಶ್ಯ: ಮುಚ್ಚಳ ತೆರೆದ ಗ್ರ್ಯಾಂಡ್ ಪಿಯಾನೊ]

ನಮಸ್ಕಾರ. ಪಿಯಾನೊದ ಮುಚ್ಚಳ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಬಂಗಾರದ ಬಣ್ಣ ಬಳಿದ ಎರಕದ ಕಬ್ಬಿಣದ ಚೌಕಟ್ಟು. ಇಟಲಿಯಲ್ಲಿ ಹುಟ್ಟಿದ ಈ ವಾದ್ಯಕ್ಕೆ ಅಮೆರಿಕ ಕೊಟ್ಟ ದೊಡ್ಡ ಕೊಡುಗೆ ಅದೇ ಎನ್ನಬಹುದು.

ಬೇಸಿಗೆಯ ತೇವದಲ್ಲಿ ಹಿಗ್ಗಿ, ಚಳಿಗಾಲದಲ್ಲಿ ಒಲೆ ಉರಿಸಿದ ಮನೆಗಳ ಒಣಹವೆಯಲ್ಲಿ ಕುಗ್ಗುತ್ತಿದ್ದ ಮರದ ಚೌಕಟ್ಟು ತಂತಿಗಳ ಬಿಗಿತವನ್ನು ತಾಳಲಾರದೆ, ಪಿಯಾನೊ ಪದೇ ಪದೇ ಶ್ರುತಿ ತಪ್ಪುತ್ತಿತ್ತು. 1825ರಲ್ಲಿ ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ ಚೌಕ ಪಿಯಾನೊಗೆ, ಅಂದರೆ ಆಯತಾಕಾರದ ಪೆಟ್ಟಿಗೆಯಂಥ ಪಿಯಾನೊಗೆ, ಒಂದೇ ಎರಕದ ಕಬ್ಬಿಣದ ಚೌಕಟ್ಟನ್ನು ರೂಪಿಸಿ ಪೇಟೆಂಟ್ ಪಡೆದರು. 1843ರಲ್ಲಿ ಅದೇ ಊರಿನ ಜೋನಸ್ ಚಿಕರಿಂಗ್ ಅದನ್ನು ಗ್ರ್ಯಾಂಡ್ ಪಿಯಾನೊಗೂ ತಂದರು. ಕಬ್ಬಿಣದಿಂದ ನಾದ ಕೆಡುತ್ತದೆ ಎಂದು ಹಲವರು ಶಂಕಿಸಿದರು. ಆದರೆ ಇಂದಿನ ಸಂಗೀತ ಕಛೇರಿಯ ದೊಡ್ಡ ಪಿಯಾನೊದ ತಂತಿಗಳ ಒಟ್ಟು ಎಳೆತ ಸುಮಾರು 20 ಟನ್. ಅಷ್ಟನ್ನು ಬರಿಯ ಮರ ಹೊರುವುದು ಸಾಧ್ಯವಿಲ್ಲ.

ಜರ್ಮನಿಯಿಂದ ವಲಸೆ ಬಂದ ಕುಟುಂಬವೊಂದು 1853ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಟೈನ್‌ವೇ ಅಂಡ್ ಸನ್ಸ್ ಸ್ಥಾಪಿಸಿತು. ಕಿರಿಯ ಹೆನ್ರಿ ಸ್ಟೈನ್‌ವೇ 1859ರಲ್ಲಿ ಗ್ರ್ಯಾಂಡ್ ಪಿಯಾನೊದ ಮಂದ್ರದ ತಂತಿಗಳನ್ನು ಉಳಿದವುಗಳ ಮೇಲೆ ಅಡ್ಡಲಾಗಿ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇದರಿಂದ ಆ ತಂತಿಗಳ ಕಂಪನ ನಾದಫಲಕದ, ಅಂದರೆ ಧ್ವನಿಯನ್ನು ಹಿಗ್ಗಿಸುವ ಮರದ ಹಲಗೆಯ, ನಡುಭಾಗಕ್ಕೆ ತಲುಪಿ ಧ್ವನಿ ತುಂಬಿಕೊಂಡಿತು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿಕರಿಂಗ್, ಸ್ಟೈನ್‌ವೇ ಕಂಪನಿಗಳೆರಡಕ್ಕೂ ಚಿನ್ನದ ಪದಕ ಬಂತು. ಯಾರ ಗೌರವ ಮೇಲು ಎಂಬ ಜಗಳ ಬಹುಕಾಲ ಜಾಹೀರಾತುಗಳಲ್ಲಿ ನಡೆಯಿತು.

[ದೃಶ್ಯ: ಮರ ಬಾಗಿಸುವ ಅಚ್ಚು]

ನನ್ನ ಮಟ್ಟಿಗೆ ಅತ್ಯಂತ ಸೊಗಸಾದ ಕೆಲಸವೆಂದರೆ ಪಿಯಾನೊದ ಬಾಗಿದ ಹೊರಮೈಯನ್ನು, ಅಂದರೆ ರಿಮ್ಮನ್ನು, ಕಟ್ಟುವುದು. ಗಟ್ಟಿ ಮೇಪಲ್ ಮರದ ತೆಳು ಹಲಗೆಗಳಿಗೆ ಅಂಟು ಸವರಿ, ದೊಡ್ಡ ಪಿಯಾನೊಗಾದರೆ 18ರವರೆಗೆ ಪದರ ಜೋಡಿಸಿ, ಅಂಟು ಆರುವ ಮೊದಲೇ ಕೆಲಸಗಾರರ ತಂಡ ಅದನ್ನು ಹೊತ್ತು ತಂದು ಕಬ್ಬಿಣದ ಅಚ್ಚಿಗೆ ಬಾಗಿಸಿ ಬಿಗಿಯುತ್ತದೆ. ಬಳಿಕ ಮರ ಹದಗೊಳ್ಳಲು ವಾರಗಟ್ಟಲೆ ಬಿಡಬೇಕು. ನಾದಫಲಕಕ್ಕೆ ಹಗುರವಾದ ಸ್ಪ್ರೂಸ್ ಮರ ಬೇಕು. ಕೊನೆಯಲ್ಲಿ ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯ ಫೆಲ್ಟ್‌ಗೆ ಸೂಜಿ ಚುಚ್ಚಿ ಧ್ವನಿಯನ್ನು ಮೃದುಗೊಳಿಸುವ ಕೆಲಸವಿದೆ. ಅಲ್ಲಿ ಅಳತೆಗೋಲು ಕಿವಿಯೊಂದೇ.

1909ರ ಹೊತ್ತಿಗೆ ಅಮೆರಿಕದ ವಾರ್ಷಿಕ ಉತ್ಪಾದನೆ 3.5 ಲಕ್ಷ ಪಿಯಾನೊಗಳನ್ನು ದಾಟಿತ್ತು. ಈ ವೈಭವಕ್ಕೆ ಆಫ್ರಿಕಾದ ಆನೆಗಳು ತೆತ್ತ ಬೆಲೆಯನ್ನೂ ಹೇಳಲೇಬೇಕು: ಬೆರಳಿನಿಂದ ಒತ್ತುವ ಕೀಲಿಗಳ ಬಿಳಿ ಹೊದಿಕೆಗಾಗಿ ದಂತ ಕನೆಕ್ಟಿಕಟ್‌ನ ಕಾರ್ಖಾನೆಗಳಿಗೆ ರಾಶಿರಾಶಿಯಾಗಿ ಬರುತ್ತಿತ್ತು. ಮುಂದೆ ಗ್ರಾಮೊಫೋನ್, ರೇಡಿಯೊ, 1929ರ ಆರ್ಥಿಕ ಕುಸಿತ ಒಂದರ ಹಿಂದೊಂದು ಬಂದು ಹೆಚ್ಚಿನ ಕಂಪನಿಗಳು ಮುಚ್ಚಿದವು ಅಥವಾ ಒಂದರಲ್ಲೊಂದು ಕರಗಿದವು. ನ್ಯೂಯಾರ್ಕ್‌ನ ಆಸ್ಟೋರಿಯಾದಲ್ಲಿ ಸ್ಟೈನ್‌ವೇ, ಮ್ಯಾಸಚೂಸೆಟ್ಸ್‌ನ ಹೇವರಿಲ್‌ನಲ್ಲಿ ಮೇಸನ್ ಅಂಡ್ ಹ್ಯಾಮ್ಲಿನ್ ಕಾರ್ಖಾನೆಗಳು ಈ ಕಸುಬನ್ನು ಮುಂದುವರಿಸಿವೆ.