ಸೈಕಲ್ಲಿನ ಸದ್ದು ಹೇಳುವ ಮಾತು

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಓಣಿಗಳಲ್ಲಿ ಸೈಕಲ್ ಕಲಿತ ಹಿರಿಯರಲ್ಲಿ ಬಹಳ ಮಂದಿ ಕಲಿತದ್ದು ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಮೇಲೆ. ಕಾಲು ನೆಲಕ್ಕೆ ಮುಟ್ಟದ 22 ಇಂಚಿನ ಕರಿ ಸೈಕಲ್ಲು. ಮೊದಲು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್, ಆಮೇಲೆ ಬಾರಿನ ಮೇಲೆ, ಕೊನೆಗೆ ಸೀಟು. ಇವತ್ತು ಸಿಕ್ಕದ್ದು ನಾಳೆ ಸಿಗುತ್ತಿರಲಿಲ್ಲ. ಹೀಗೆ ದಿನಕ್ಕೊಂದು ಸೈಕಲ್ ಹತ್ತಿದ ಹುಡುಗರಿಗೆ ಯಾವುದು ಹಗುರಾಗಿ ಓಡುತ್ತದೆ, ಯಾವುದು ಒಂದು ಕಡೆ ಎಳೆಯುತ್ತದೆ, ಯಾವುದರ ಪೆಡಲ್ ಸುತ್ತಿಗೊಮ್ಮೆ ‘ಟಕ್’ ಅನ್ನುತ್ತದೆ ಎಂಬುದು ಕಾಲಿಗೂ ಕಿವಿಗೂ ತಿಳಿದುಬಿಡುತ್ತಿತ್ತು. ಮಗುವಿಗೆ ಮೊದಲ ಸೈಕಲ್ ಕೊಳ್ಳಲು ಹೊರಟ ತಂದೆತಾಯಿಗೆ ಈಗ ಬೇಕಾದದ್ದು ಅದೇ ತಿಳಿವಳಿಕೆ. ಬಣ್ಣವಾಗಲಿ ಭಾರವಾಗಲಿ ಗಟ್ಟಿತನದ ಗುರುತಲ್ಲ. ಪೈಪು ಎಷ್ಟೇ ದಪ್ಪವಿರಲಿ, ಬೆಸುಗೆ ಕೆಟ್ಟಿದ್ದರೆ ಅಲ್ಲೇ ಮುರಿಯುತ್ತದೆ.

ಆ ‘ಟಕ್’ ಸದ್ದಿನಿಂದಲೇ ಶುರುಮಾಡೋಣ. ಕರಿ ಸೈಕಲ್ಲಿನಲ್ಲಿ ಅದು ಹೆಚ್ಚಾಗಿ ಕಾಟರ್ ಪಿನ್ನಿನದು. ಪೆಡಲ್ ಸಿಕ್ಕಿಸುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ನಡುವಿನ ಎಕ್ಸಲ್‌ಗೆ ಹಿಡಿದಿಡುವ ಬೆಣೆ ಅದು. ಅದರ ಒಂದು ಬದಿಯನ್ನು ಓರೆಯಾಗಿ ಸವರಿರುತ್ತಾರೆ. ಮೆತ್ತನೆಯ ಕಬ್ಬಿಣದ ಪಿನ್ನಾದರೆ ಆ ಓರೆ ಬೇಗನೆ ಜಜ್ಜಿಹೋಗಿ ಸಡಿಲಾಗುತ್ತದೆ. ಆಗ ನಟ್ಟನ್ನಷ್ಟೇ ಬಿಗಿದು ಪಿನ್ನನ್ನು ಎಳೆಯಲು ಹೋದರೆ ಥ್ರೆಡ್ ಕಿತ್ತುಬರುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಸುತ್ತಿಗೆಯಿಂದ ಪಿನ್ನು ಕೂರಿಸಿ, ಆಮೇಲೆ ನಟ್ಟು ಬಿಗಿಯಬೇಕು. ಆಸರೆ ಇಲ್ಲದೆ ಹೊಡೆದರೆ ಏಟು ಒಳಗಿನ ಬೇರಿಂಗ್ ಗುಂಡುಗಳಿಗೆ ತಾಗಿ, ಅವು ಕೂರುವ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಎರಡು ಪಿನ್ನುಗಳೂ ಎದುರುಬದುರು ದಿಕ್ಕಿನಿಂದ ಹೋಗಬೇಕು. ತಪ್ಪಿದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು, ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಎಡ ಬಲ ನೋಡದೆ ಜೋರು ಮಾಡಿ ತಿರುಗಿಸಿದರೆ ಕ್ರ್ಯಾಂಕೇ ಹಾಳು.

ಈಗ ಗಾಲಿಗೆ ಬರೋಣ. ಸೈಕಲ್ಲಿನ ನಿಜವಾದ ಕಸುಬು ಇರುವುದೇ ಇಲ್ಲಿ. ಅಂಗಡಿಯಲ್ಲಿಯೇ ಮುಂದಿನ ಗಾಲಿ ಎತ್ತಿ ಮೆಲ್ಲಗೆ ತಿರುಗಿಸಿ ಬಿಡಿ. ಒಳ್ಳೆಯ ಗಾಲಿ ನಿಲ್ಲುವ ಮೊದಲು ಹಿಂದಕ್ಕೂ ಮುಂದಕ್ಕೂ ತೂಗಿ, ಅದರ ಭಾರದ ಜಾಗ ಕೆಳಗೆ ಬಂದು ನಿಲ್ಲುತ್ತದೆ. ಗಕ್ಕನೆ ನಿಂತರೆ ಕೋನ್, ಅಂದರೆ ಎಕ್ಸಲ್ ಮೇಲೆ ಕೂತು ಗುಂಡುಗಳನ್ನು ಒತ್ತಿ ಹಿಡಿಯುವ ಭಾಗ, ಅತಿ ಬಿಗಿಯಾಗಿದೆ. ರಿಮ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಟಕಟಕ ಅಂದರೆ ಸಡಿಲಾಗಿದೆ. ಕೋನನ್ನು ಬೆರಳಿನಿಂದ ಗುಂಡಿಗೆ ತಾಗುವವರೆಗೆ ತಿರುಗಿಸಿ, ಎಂಟನೇ ಒಂದು ಸುತ್ತು ಹಿಂದಕ್ಕೆ ತಂದು, ಒಂದು ಪಾನಾದಿಂದ ಅದನ್ನು ಹಿಡಿದುಕೊಂಡು ಇನ್ನೊಂದರಿಂದ ಲಾಕ್ ನಟ್ ಬಿಗಿಯಬೇಕು. ಒಂದೇ ಪಾನಾದಲ್ಲಿ ಮಾಡಿದರೆ ಕೋನ್ ಜೊತೆಗೇ ತಿರುಗುತ್ತದೆ. ಕರಿ ಸೈಕಲ್ಲಿನಲ್ಲಿ ಮುಂದಿನ ಗಾಲಿಯ ನಡುಗುಂಬಕ್ಕೆ, ಅಂದರೆ ಹಬ್ಬಿಗೆ, ಸಾಮಾನ್ಯವಾಗಿ ಬದಿಗೆ 10 ಸಣ್ಣ ಗುಂಡು, ಹಿಂದಿನದಕ್ಕೆ ಬದಿಗೆ 9 ಕಾಲಿಂಚಿನ ಗುಂಡು. ಒಂದೆರಡು ಸವೆದರೂ ಆ ಬದಿಯ ಎಲ್ಲವನ್ನೂ ಬದಲಾಯಿಸಿ. ಹಳೆಯವುಗಳ ನಡುವೆ ಹೊಸ ಗುಂಡು ಕೂದಲೆಳೆ ದೊಡ್ಡದಾಗಿ, ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ.

ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳಿ. ಒಂದು ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಒಂದು ‘ಠಣ್’, ಪಕ್ಕದ್ದು ‘ಧಪ್’ ಅಂದರೆ ಆ ಗಾಲಿ ಬೇಗನೆ ಬೆಂಡಾಗುತ್ತದೆ. ಕಡ್ಡಿ ಹೆಚ್ಚಾಗಿ ಮುರಿಯುವುದು ಹಬ್ಬಿನ ಹತ್ತಿರ, ಬಾಗಿದ ಕುತ್ತಿಗೆಯಲ್ಲಿ. ಬಿಗಿ ಹೆಚ್ಚಾಗಿ ಮುರಿಯಿತೆಂದು ಬಹಳ ಜನ ತಿಳಿಯುತ್ತಾರೆ. ನಿಜವಾದ ಕಾರಣ ಸಡಿಲ. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಅಲ್ಲಾಡಿ ಅಲ್ಲಾಡಿ, ತಂತಿ ಬಗ್ಗಿಸಿ ಬಗ್ಗಿಸಿ ಮುರಿಯುವ ಹಾಗೆ ಮುರಿಯುತ್ತದೆ. ಬೆಂಡ್ ತೆಗೆಯುವಾಗ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ರಿಮ್ ಎಡಕ್ಕೆ ಬರಬೇಕಾದರೆ ಎಡದ್ದನ್ನು ಬಿಗಿದು, ಅಷ್ಟೇ ಬಲದ್ದನ್ನು ಸಡಿಲಿಸಬೇಕು.

ಚೌಕಟ್ಟು ನೇರ ಇದೆಯೋ ಇಲ್ಲವೋ ನೋಡಲು ನಮ್ಮ ಭಾಗದವರಿಗೆ ಮನೆಯಲ್ಲೇ ಅನುಕೂಲ ಇದೆ, ಶಹಾಬಾದ್ ಫರಸಿ ಕಲ್ಲಿನ ನೆಲ. ಎರಡೂ ಟೈರು ಒದ್ದೆ ಮಾಡಿ, ಫರಸಿಯ ಸಂದಿನ ಗೆರೆ ಹಿಡಿದು ಸೈಕಲ್ ನೇರವಾಗಿ ತಳ್ಳಿ. ಒಂದರ ಮೇಲೊಂದು ಒಂದೇ ಗುರುತು ಬೀಳಬೇಕು. ಎರಡು ಬಿದ್ದರೆ ಹಿಂದಿನ ಗಾಲಿ ಓರೆ ಕೂತಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದರೆ, ಹಿಂದಿನ ಎಕ್ಸಲ್ಲಿನ ಒಂದು ತುದಿಯಿಂದ ದಾರ ಎಳೆದು, ಹ್ಯಾಂಡಲ್ ಕೆಳಗಿನ ಪೈಪು ಸುತ್ತಿಸಿ, ಇನ್ನೊಂದು ತುದಿಗೆ ಕಟ್ಟಿ. ಸೀಟಿನ ಪೈಪಿನಿಂದ ಎರಡು ದಾರಗಳ ಅಂತರ ಸಮ ಇರಬೇಕು. 2-3 ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ, ಬೆರಳು ದಪ್ಪವಾದರೆ ಬೇಡ.

2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಎಷ್ಟೋ ಮನೆಗಳಿಗೆ ಅದೇ ಮೊದಲ ಸೈಕಲ್ಲು. ಅಕ್ಕನದು ತಮ್ಮನಿಗೆ ಬರುತ್ತದೆ. ಅಂಥ ಹಳೆಯದನ್ನು ಕೊಡುವ ಮೊದಲು ಹ್ಯಾಂಡಲ್ ಹಿಂದೆ ಪೈಪಿನ ಕೆಳಮೈ ಸವರಿ ನೋಡಿ. ಸುಕ್ಕು ಸಿಕ್ಕರೆ, ಬಣ್ಣ ಬಿರಿದಿದ್ದರೆ, ಸೈಕಲ್ ಎಲ್ಲೋ ಎದುರಿಗೆ ಗುದ್ದಿದೆ. ಅದನ್ನು ಮಗುವಿಗೆ ಕೊಡಲೇಬೇಡಿ. ಚೈನನ್ನು ಫುಟ್‌ಪಟ್ಟಿಯಿಂದ ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಇಂಚಿನ ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನಿನ ಜೊತೆ ಹಲ್ಲುಗಳೂ ಸವೆದಿರುತ್ತವೆ.

‘ಹುಡುಗ ಬೆಳೀತಾನ, ದೊಡ್ಡದೇ ತಗೊಳ್ರಿ’ ಎಂಬ ಮಾತಿಗೆ ಕಿವಿಗೊಡಬೇಡಿ. ಬಾರಿನ ಆಚೆ ಈಚೆ ಕಾಲಿಟ್ಟು ನಿಂತಾಗ ಎರಡೂ ಅಂಗಾಲು ನೆಲಕ್ಕೆ ಕೂರಬೇಕು, ಬೆರಳುಗಳು ಬ್ರೇಕಿಗೆ ಸುಲಭವಾಗಿ ಸಿಗಬೇಕು. ಪಕ್ಕದ ಪುಟ್ಟ ಗಾಲಿಗಳು ನೆಲದಿಂದ ಅರ್ಧ ಸೆಂಟಿಮೀಟರ್ ಮೇಲಿರಲಿ. ಎರಡೂ ನೆಲಕ್ಕೆ ಒತ್ತಿ ನಿಂತರೆ ತಗ್ಗು ಬಂದಾಗ ಹಿಂದಿನ ದೊಡ್ಡ ಗಾಲಿ ಗಾಳಿಯಲ್ಲಿ ತಿರುಗುತ್ತದೆ, ಹಿಂದಿನ ಬ್ರೇಕ್ ಇದ್ದೂ ಇಲ್ಲದಂತೆ.

ನಮ್ಮ ಬೇಸಿಗೆಗೆ ಸಂಬಂಧಿಸಿದ್ದು ಇನ್ನೊಂದಿದೆ. ರಾತ್ರಿ ತುಂಬಿದ ಗಾಳಿ ಬೆಳಗ್ಗೆ ಇರುವುದಿಲ್ಲ. ಜಾಲಿಮುಳ್ಳು ಚುಚ್ಚಿತೆಂದು ಟ್ಯೂಬು ಬಿಚ್ಚುವ ಮೊದಲು ಗಾಳಿ ತುಂಬುವ ವಾಲಿನ ಬಾಯಿಗೆ ಒಂದು ಹನಿ ನೀರು ಬಿಡಿ. ಗುಳ್ಳೆ ಬಂದರೆ ಹೋಗಿರುವುದು ವಾಲಿನೊಳಗಿನ ಸಣ್ಣ ರಬ್ಬರ್ ನಳಿಕೆ. ಅದು ಬಿಸಿಲಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಇಲ್ಲವೇ ಬಿರಿಯುತ್ತದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಹೊಸದನ್ನು ಉಗುಳು ಅಥವಾ ನೀರು ಹಚ್ಚಿ ವಾಲಿನ ರಂಧ್ರ ಮುಚ್ಚುವವರೆಗೆ ಏರಿಸಿ, ಗಾಳಿ ತುಂಬಿ, ಮತ್ತೊಮ್ಮೆ ಹನಿ ನೀರು ಬಿಟ್ಟು ನೋಡಿ.

ನಮಸ್ಕಾರ.